ಸಂತೆಗೆ ಯಾವ ದಾರಿ? ಯೊರುಬಾ ಆಚೆಲೋಕದ ಕಾದಂಬರಿಗಳಲ್ಲಿ ನಿಮಗೆ ಹೊಂದುವುದು ಯಾವುದು

"ಆಫ್ರಿಕಾದ ಫ್ಯಾಂಟಸಿ ಓದೋಣ ಅಂದ್ಕೊಂಡಿದೀನಿ, ಯಾವುದರಿಂದ ಶುರು ಮಾಡ್ಲಿ?" ಎಂದು ಕೇಳುವವರ ಫೋನಿನಲ್ಲಿ ಆಗಲೇ ನಾಲ್ಕೈದು ಮುಖಪುಟಗಳ ಸ್ಕ್ರೀನ್‌ಶಾಟ್ ಇರುತ್ತದೆ. ಎಲ್ಲದರ ಬೆನ್ನಿಗೂ ಹೆಚ್ಚುಕಮ್ಮಿ ಒಂದೇ ಮಾತು: ಯೊರುಬಾ ಜಾನಪದದಿಂದ ಹುಟ್ಟಿದ ಕತೆ. ಈ ಮಾತು 1938ರಲ್ಲಿ ಕಾಡು ಹೊಕ್ಕ ಬೇಟೆಗಾರನಿಗೂ ಸಲ್ಲುತ್ತದೆ, 2023ರಲ್ಲಿ ಲಂಡನ್ನಿನ ಮ್ಯೂಸಿಯಮ್ಮಿಗೆ ಕನ್ನ ಹಾಕಲು ಹೊರಟ ಕೆಲಸಬಿಟ್ಟ ದೇವರಿಗೂ ಸಲ್ಲುತ್ತದೆ. ಇಬ್ಬರ ಪುಸ್ತಕವೂ ಒಬ್ಬನೇ ಓದುಗನಿಗೆ ಹಿಡಿಸಬೇಕೆಂದೇನಿಲ್ಲ.

ನಾನೂ ಇದರಲ್ಲಿ ಎಡವಿದ್ದೇನೆ. ಬೂಕರ್ ಬಂದ ಪುಸ್ತಕ ಅಂತ ಬೆನ್ ಓಕ್ರಿಯ ‘ದಿ ಫ್ಯಾಮಿಶ್ಡ್ ರೋಡ್’ ತಂದು, ತೊಂಬತ್ತನೇ ಪುಟದ ಹತ್ತಿರ ಎರಡು ಸಲ ಕೈಚೆಲ್ಲಿದೆ. ಗುರುತಿಗೆಂದು ಇಟ್ಟಿದ್ದ ಬಸ್ ಟಿಕೆಟ್ಟು ಎರಡು ವರ್ಷ ಆ ಪುಟದಲ್ಲೇ ಇತ್ತು. ಆಮೇಲೆ ಅಮೋಸ್ ಟುಟುವೊಲಾನ ಸಣ್ಣ ಪುಸ್ತಕವೊಂದು ಸಿಕ್ಕಿತು. ಅದನ್ನು ಮುಗಿಸಿ ಓಕ್ರಿಗೆ ಮರಳಿದೆ ನೋಡಿ, ಅದೇ ಐನೂರು ಪುಟ ಎರಡು ವಾರದಲ್ಲಿ ಓದಿಸಿಕೊಂಡಿತು. ಮೊದಲ ಸಲ ಬಾಗಿಲು ತಪ್ಪಿತ್ತು, ಅಷ್ಟೇ. ಹಾಗಾಗಿ ಇಲ್ಲಿ ಶ್ರೇಷ್ಠ ಹತ್ತರ ಪಟ್ಟಿ ಇಲ್ಲ. ಯಾರು ಯಾವ ಬಾಗಿಲಿಂದ ಹೋದರೆ ಅನುಕೂಲ ಅನ್ನುವ ವಿಚಾರ ಮಾತ್ರ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಯೊರುಬಾ ಜನ ನೈಜೀರಿಯಾದ ನೈಋತ್ಯ ಭಾಗದವರು. ಪಕ್ಕದ ಬೆನಿನ್, ಟೋಗೊಗಳಲ್ಲೂ ಇದ್ದಾರೆ. ಅವರಲ್ಲಿ ಈ ಲೋಕ ಅಂದರೆ ಅಯೆ, ಆಚೆ ಲೋಕ ಅಂದರೆ ಒರುನ್. ಅಯೆ ಸಂತೆ, ಒರುನ್ ಮನೆ ಅನ್ನುವುದು ಅವರ ಹಳೆಯ ಗಾದೆ. ನಾವೂ ‘ಮೂರು ದಿನದ ಸಂತೆ’ ಅನ್ನುತ್ತೇವೆ. ಆದರೆ ನಮ್ಮ ಬಾಯಲ್ಲಿ ಅದು ವೈರಾಗ್ಯದ ಮಾತು. ಯೊರುಬಾ ಕತೆಗಳಲ್ಲಿ ಸಂತೆ ಅಂದರೆ ಬುಟ್ಟಿ, ಚೌಕಾಸಿ, ಧೂಳು ಎಲ್ಲ ಇರುವ ಸಂತೆಯೇ. ಆಚೆಯವರೂ ಅಲ್ಲಿಗೆ ಬರುತ್ತಾರೆ, ಬಾಡಿಗೆಗೆ ಪಡೆಯುತ್ತಾರೆ, ಸಾಲ ಮಾಡುತ್ತಾರೆ, ವಸೂಲಿಗೂ ಬರುತ್ತಾರೆ. ಒರಿಶಾಗಳು, ಅಂದರೆ ದೇವತೆಗಳು, ನಾನೂರ ಒಂದು ಅನ್ನುವುದು ಒಂದು ಲೆಕ್ಕ. ಆ ಕೊನೆಯ ‘ಒಂದು’ ಇನ್ನೂ ಬರಲಿರುವವರಿಗೆ ಬಿಟ್ಟ ಜಾಗವಂತೆ. ಒಗುನ್ ಕಬ್ಬಿಣದವನು, ಶಾಂಗೊ ಸಿಡಿಲಿನವನು, ಓಯಾ ಬಿರುಗಾಳಿಯವಳು, ಒಶುನ್ ಹೊಳೆಯವಳು. ಎಶು ಕವಲುದಾರಿಯಲ್ಲೂ ಸಂತೆಯಲ್ಲೂ ಇದ್ದು, ಕೊಟ್ಟ ಬಲಿಯನ್ನು ಆಚೆ ತಲುಪಿಸುವವನು. 19ನೇ ಶತಮಾನದಲ್ಲಿ ಬೈಬಲ್ಲು ಯೊರುಬಾಕ್ಕೆ ಬಂದಾಗ ಸೈತಾನನಿಗೆ ಇವನ ಹೆಸರನ್ನೇ ಇಟ್ಟುಬಿಟ್ಟರು. ಪಾಪ, ಅಂಚೆಯವನನ್ನೇ ಕಳ್ಳ ಅಂದಹಾಗಾಯಿತು.

ಇದಿಷ್ಟು ಗೊತ್ತಿದ್ದರೆ ಪುಸ್ತಕ ಆರಿಸಲು ನಾಲ್ಕು ಪ್ರಶ್ನೆ ಸಾಕು. ಇದರಲ್ಲಿ ಯೊರುಬಾ ಎಷ್ಟಿದೆ? ನೈಜೀರಿಯಾದ್ದೆಲ್ಲ ಯೊರುಬಾ ಅಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಇದರಲ್ಲಿ ಕೊಡು-ಕೊಳು ಇದೆಯೇ? ಆಚೆಯವರಿಂದ ಏನಾದರೂ ಪಡೆದವನು ಬದಲಿಗೆ ಏನು ಕೊಟ್ಟ? ಈ ಲೆಕ್ಕ ಇಲ್ಲದ ಪುಸ್ತಕದಲ್ಲಿ ಒರಿಶಾಗಳ ಹೆಸರು ಪುಟಕ್ಕೆ ಹತ್ತು ಬಂದರೂ ಅವರು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ದೇವರು. ಮೂರು, ಇಂಗ್ಲಿಷ್ ಎಂಥದು, ಎಷ್ಟು ತ್ರಾಸು ಕೊಡುತ್ತದೆ? ನಾಲ್ಕು, ದುಡ್ಡು ಮತ್ತು ಹೊತ್ತು, ಮತ್ತು ಮನೆಯಲ್ಲಿ ಇನ್ಯಾರು ಅದನ್ನು ಕೈಗೆತ್ತಿಕೊಳ್ಳಬಹುದು?

ಕಾಡಿನ ದಾರಿ: ಫಗುನ್ವಾ, ಟುಟುವೊಲಾ

ಡಿ. ಓ. ಫಗುನ್ವಾ (1903-1963) ಶಾಲಾ ಮೇಷ್ಟ್ರು. 1938ರಲ್ಲಿ ಯೊರುಬಾದಲ್ಲೇ ಬರೆದ ಅವರ ಮೊದಲ ಕಾದಂಬರಿ ಆ ಭಾಷೆಯ ಕಾದಂಬರಿಗಳ ಪೈಕಿ ತೀರಾ ಮೊದಲಿನವುಗಳಲ್ಲಿ ಒಂದು. ನೊಬೆಲ್ ಪಡೆದ ನೈಜೀರಿಯಾದ ಸಾಹಿತಿ ವೋಲೆ ಸೋಯಿಂಕಾ ಅದನ್ನು 1968ರಲ್ಲಿ ‘ದಿ ಫಾರೆಸ್ಟ್ ಆಫ್ ಎ ಥೌಸಂಡ್ ಡೀಮನ್ಸ್’ ಎಂದು ಇಂಗ್ಲಿಷಿಗೆ ತಂದರು. ಮೂಲದ ಹೆಸರಿನಲ್ಲಿರುವುದು ನಾನೂರು ದೇವತೆಗಳ ಕಾಡು; ಇಂಗ್ಲಿಷಿಗೆ ಬರುವಷ್ಟರಲ್ಲಿ ಸಾವಿರವಾಯಿತು. ಆ ‘ಡೀಮನ್’ ಪದಕ್ಕೂ ಸೋಯಿಂಕಾ ಹಳೇ ಕಾಲದ ಸ್ಪೆಲ್ಲಿಂಗನ್ನೇ ಬಳಸಿದ್ದಾರೆ, ಬೈಬಲ್ಲಿನ ದೆವ್ವ ಅಂತ ಯಾರೂ ತಿಳಿಯದಿರಲಿ ಎಂದಿರಬೇಕು. ದೈವ, ಭೂತ, ಗಾಳಿ, ಪೀಡೆ, ಪಿಶಾಚಿ ಅಂತ ಬೇರೆಬೇರೆ ಮಾಡಿ ಹೇಳಬಲ್ಲ ಕನ್ನಡದವರಿಗೆ ಈ ಒದ್ದಾಟ ಚೆನ್ನಾಗಿ ಅರ್ಥವಾಗುತ್ತದೆ.

ಕತೆ ಸರಳ. ಅಕಾರಾ-ಒಗುನ್ ಎಂಬ ಬೇಟೆಗಾರ, ಹೆಸರಿನ ಅರ್ಥವೇ ಮಂತ್ರಗಳ ಮುದ್ದೆ ಎಂಬಂಥದ್ದು, ಕಾಡಿಗೆ ಹೋಗುತ್ತಾನೆ; ತಲೆಯ ಸುತ್ತ ಹದಿನಾರು ಕಣ್ಣಿರುವ ಅಗ್ಬಾಕೊನಂಥವರ ಜತೆ ಬಡಿದಾಡುತ್ತಾನೆ; ಕೊನೆಗೆ ಅರಸನ ಅಪ್ಪಣೆಯಂತೆ ಜತೆಗಾರರನ್ನು ಕಟ್ಟಿಕೊಂಡು ಲಾಂಗ್ಬೊಡೊ ಬೆಟ್ಟಕ್ಕೆ ಹೊರಡುತ್ತಾನೆ. ಅಲ್ಲಿ ಇರಗ್ಬೆಜೆ ಎಂಬ ಜ್ಞಾನಿ ಏಳು ದಿನ ನೀತಿ ಹೇಳುತ್ತಾನೆ. ಸುಳ್ಳು ಯಾಕೆ, ಆ ಏಳು ದಿನ ನನಗೆ ಉದ್ದವಾಯಿತು. ಮೇಷ್ಟ್ರು ಎದ್ದು ನಿಂತು ಕತೆಗಾರನನ್ನು ಕೂರಿಸಿಬಿಡುತ್ತಾರೆ, ಕ್ರೈಸ್ತ ಉಪದೇಶದ ವಾಸನೆಯೂ ಬರುತ್ತದೆ. ಆದರೆ ಜಗಳಗಳಿವೆಯಲ್ಲ, ಹೊಡೆದಾಟಕ್ಕಿಂತ ಮೊದಲು ಇಬ್ಬರೂ ತಮ್ಮ ಹೆಗ್ಗಳಿಕೆ ಹೇಳಿಕೊಂಡು ಬಯ್ದಾಡುವುದು, ಅದನ್ನು ಓದುವಾಗ ನನಗೆ ಯಕ್ಷಗಾನದ ಎದುರುಬದುರು ವೇಷಗಳ ಮಾತೇ ಕಿವಿಗೆ ಬಿತ್ತು. ಮೂಲದ ಹತ್ತಿರ ಹೋಗಬೇಕೆನ್ನುವವರಿಗೆ ಇದಕ್ಕಿಂತ ಹಳೆಯ ಬಾಗಿಲು ಸುಲಭಕ್ಕೆ ಸಿಗದು. ಸೋಯಿಂಕಾರ ಇಂಗ್ಲಿಷ್ ಮಾತ್ರ ಗತ್ತಿನದು, ನಿಘಂಟು ಪಕ್ಕದಲ್ಲಿರಲಿ.

ಟುಟುವೊಲಾ (1920-1997) ಇದಕ್ಕೆ ಪೂರ್ತಿ ಉಲ್ಟಾ. ಅಬೆಯೊಕುಟಾದಲ್ಲಿ ಹುಟ್ಟಿ, ಶಾಲೆಯನ್ನು ಅರ್ಧಕ್ಕೆ ಬಿಟ್ಟು, ನೈಜೀರಿಯಾದ ದೊಡ್ಡ ನಗರ ಲೇಗೋಸಿನ ಕಾರ್ಮಿಕ ಇಲಾಖೆಯಲ್ಲಿ ಜವಾನನಾಗಿದ್ದಾಗ ಬರೆದದ್ದು ‘ದಿ ಪಾಮ್-ವೈನ್ ಡ್ರಿಂಕರ್ಡ್’. 1952ರಲ್ಲಿ ಲಂಡನ್ನಿನ ಫೇಬರ್ ಸಂಸ್ಥೆ ಅಚ್ಚು ಹಾಕಿತು. ಹೊರಗಿನವರು ಹೊಗಳಿದರು, ಊರಿನ ಓದುಬರಹದವರು ಈ ವ್ಯಾಕರಣಗೆಟ್ಟ ಇಂಗ್ಲಿಷನ್ನು ನೋಡಿ ನಾಚಿ ಮುಖ ಮುಚ್ಚಿಕೊಂಡರು. ಈಗ ಓದಿದರೆ ಅದು ತಪ್ಪು ಇಂಗ್ಲಿಷ್ ಅನ್ನಿಸುವುದಿಲ್ಲ. ಯೊರುಬಾದ ನಡಿಗೆಯಲ್ಲೇ ನಡೆಯುವ ಇಂಗ್ಲಿಷ್ ಅದು. ಅಂಕೆ ಬಂದಾಗಲೆಲ್ಲ ಸರ್ಕಾರಿ ಕಚೇರಿಯ ರಿಜಿಸ್ಟರ್ ತೆರೆದುಕೊಳ್ಳುತ್ತದೆ.

ಕಥಾನಾಯಕ ಬೆಳಿಗ್ಗೆ 150, ಸಂಜೆ 75 ಪಾತ್ರೆ ಹೆಂಡ ಕುಡಿಯುವವನು. ಅದಕ್ಕಾಗಿ ಅಪ್ಪ 5,60,000 ತಾಳೆ ಮರದ ತೋಟವನ್ನೂ ಹೆಂಡ ಇಳಿಸುವವನನ್ನೂ ಕೊಟ್ಟಿದ್ದಾನೆ. ಒಂದು ದಿನ ಹೆಂಡ ಇಳಿಸುವವ ಮರದಿಂದ ಬಿದ್ದು ಸಾಯುತ್ತಾನೆ. ಅವನಂತೆ ಇಳಿಸುವವರು ಇನ್ನೊಬ್ಬರಿಲ್ಲ, ಹೀಗಾಗಿ ಅವನನ್ನು ಕರೆದುಕೊಂಡು ಬರಲು ಇವನು ಸತ್ತವರ ಊರಿಗೇ ಹೊರಡುತ್ತಾನೆ. ದಾರಿಯಲ್ಲಿ ಸಂತೆ ಬರುತ್ತದೆ.

ಆ ಸಂತೆಗೆ ಒಬ್ಬ ಗಂಡಸು ಬಂದಿದ್ದಾನೆ. ಎಂಥ ಚೆಲುವ ಅಂದರೆ ಅವನನ್ನು ನೋಡಿ ಕಥಾನಾಯಕನಿಗೇ ತಾನು ಹೀಗೆ ಹುಟ್ಟಲಿಲ್ಲವಲ್ಲ ಅಂತ ಅಳು ಬರುತ್ತದೆ. ಬಾಂಬು ಹಾಕಲು ಬಂದವರು ಕೂಡ ಇವನನ್ನು ಕಂಡರೆ ಹಾಕದೆ ಹೋದಾರು ಅನ್ನಿಸುತ್ತದೆ. ಊರಿನ ದೊಡ್ಡವರ ಮಗಳೊಬ್ಬಳು ಯಾರ ಮಾತೂ ಕೇಳದೆ ಅವನ ಹಿಂದೆ ಹೊರಡುತ್ತಾಳೆ. ಸಂತೆ ದಾಟಿ ದೊಡ್ಡ ಕಾಡಿನ ದಾರಿ ಹಿಡಿದ ಮೇಲೆ ಅವನು ಒಂದು ಕಡೆ ನಿಂತು ಎಡಗಾಲನ್ನು ಬಿಚ್ಚಿ ಅದರ ಯಜಮಾನನಿಗೆ ಕೊಟ್ಟು ಬಾಡಿಗೆ ತೆರುತ್ತಾನೆ. ಮುಂದೆ ಬಲಗಾಲು. ಆಮೇಲೆ ಹೊಟ್ಟೆ, ಪಕ್ಕೆಲುಬು, ಎದೆ, ಆಮೇಲೆ ತೋಳು, ಕೊನೆಗೆ ಕುತ್ತಿಗೆ, ಚರ್ಮ, ಮಾಂಸ. ಪ್ರತಿಯೊಂದಕ್ಕೂ ಬಾಡಿಗೆ ಚುಕ್ತಾ. ಉಳಿದದ್ದು ಒಂದು ಬುರುಡೆ, ಅದು ನೆಗೆಯುತ್ತಾ ಇವಳ ಪಕ್ಕ ಬರುತ್ತಿದೆ. ಹುಡುಗಿ ಓಡಲು ನೋಡಿದರೆ ಬಿಡುವುದಿಲ್ಲ. ಬುರುಡೆಗಳ ಬಿಲದಲ್ಲಿ ಅವಳ ಕುತ್ತಿಗೆಗೆ ಕವಡೆ ಕಟ್ಟಿ, ಕಪ್ಪೆಯ ಮೇಲೆ ಕೂರಿಸುತ್ತಾರೆ. ಬಿಡಿಸಲು ಹೋದರೆ ಕವಡೆ ಅರಚುತ್ತದೆ.

ಇದೇ ಪುಸ್ತಕದಲ್ಲಿ ಗಂಡ-ಹೆಂಡತಿ ಒಂದು ಬಿಳಿ ಮರದೊಳಗೆ ಹೋಗುವ ಮುನ್ನ ಬಾಗಿಲಲ್ಲೇ ತಮ್ಮ ಸಾವನ್ನು 70 ಪೌಂಡ್ 18 ಶಿಲ್ಲಿಂಗ್ 6 ಪೆನ್ಸಿಗೆ ಮಾರುತ್ತಾರೆ, ಹೆದರಿಕೆಯನ್ನು ತಿಂಗಳಿಗೆ 3 ಪೌಂಡ್ 10 ಶಿಲ್ಲಿಂಗ್ ಬಡ್ಡಿಗೆ ಕೊಡುತ್ತಾರೆ. ವಾಪಸ್ ಬರುವಾಗ ಹೆದರಿಕೆ ಸಿಗುತ್ತದೆ, ಸಾವು ಮಾರಾಟವಾಗಿ ಹೋಗಿದೆ. ಹಾಗಾಗಿ ಇನ್ನು ಮುಂದೆ ಅವರು ಸಾಯುವಂತಿಲ್ಲ, ಆದರೆ ಹೆದರಬಹುದು. ನಾನು ಕೊಡು-ಕೊಳು ಅಂದೆನಲ್ಲ, ಅದರ ಮಾದರಿ ತೂಕದ ಬಟ್ಟು ಇದು. ಉಳಿದ ಪುಸ್ತಕಗಳನ್ನು ನಾನು ತೂಗುವುದು ಇದರಲ್ಲೇ.

ಪುಟ ನೂರಿಪ್ಪತ್ತರ ಆಸುಪಾಸು. ತ್ರಾಸು ಇಲ್ಲವೆಂದಲ್ಲ: ಪಾತ್ರಗಳಿಗೆ ಮನಸ್ಸಿನ ಒಳತೋಟಿ ಇಲ್ಲ, ಒಂದಾದ ಮೇಲೊಂದು ಘಟನೆ, ಅಜ್ಜಿ ನಿದ್ದೆಗಣ್ಣಲ್ಲಿ ಕತೆ ಹೇಳಿದ ಹಾಗೆ. ಮನೋವಿಶ್ಲೇಷಣೆ ಬೇಕೆನ್ನುವವರಿಗೆ ಬೇಸರವಾದೀತು. ದುಡ್ಡಿನ ಲೆಕ್ಕ ನೋಡುವವರು ಗಮನಿಸಿ: ಇದನ್ನೂ ಅವನ ಎರಡನೇ ಪುಸ್ತಕ ‘ಮೈ ಲೈಫ್ ಇನ್ ದಿ ಬುಷ್ ಆಫ್ ಗೋಸ್ಟ್ಸ್’ (1954) ಕೂಡ ಒಂದೇ ಸಂಪುಟದಲ್ಲಿ ಸೇರಿಸಿ ಗ್ರೋವ್ ಪ್ರೆಸ್ ಹೊರತಂದಿದೆ. ಎರಡನೆಯದು ಏಳು ವರ್ಷದ ಹುಡುಗ ಭೂತಗಳ ಕಾಡಿನಲ್ಲಿ ಇಪ್ಪತ್ತನಾಲ್ಕು ವರ್ಷ ಅಲೆಯುವ ಕತೆ; ಅಂಗೈಯಲ್ಲಿ ಟೆಲಿವಿಷನ್ ಇರುವ ಭೂತಿನಿಯೊಬ್ಬಳು ಅವನಿಗೆ ಊರಿನ ತಾಯಿಯನ್ನು ತೋರಿಸುತ್ತಾಳೆ. 1954ರಲ್ಲಿ! ಇವತ್ತು ನಮ್ಮೆಲ್ಲರ ಅಂಗೈಯೂ ಹಾಗೇ ಇದೆ.

ಮಗುವಿನ ದಾರಿ: ಓಕ್ರಿ, ಓಯೆಯೆಮಿ

ಹುಟ್ಟಿ ಹುಟ್ಟಿ ಸಾಯುವ ಮಗುವಿಗೆ ಯೊರುಬಾದಲ್ಲಿ ಅಬಿಕು ಎಂದು ಹೆಸರು. ಅದಕ್ಕೆ ಆಚೆ ಲೋಕದಲ್ಲಿ ಜತೆಗಾರರಿದ್ದಾರೆ, ಬೇಗ ಮರಳುತ್ತೇನೆಂದು ಮಾತು ಕೊಟ್ಟು ಬಂದಿರುತ್ತದೆ. ಮನೆಯವರು ಆ ಮಾತನ್ನು ಮುರಿಸಲು ಒದ್ದಾಡುತ್ತಾರೆ. ಇಡುವ ಹೆಸರುಗಳನ್ನು ಕೇಳಿ: ಮಲೋಮೊ, ‘ಇನ್ನು ಹೋಗಬೇಡ’. ಅಕಿಸಾತನ್, ‘ಹೆಣಕ್ಕೆ ಸುತ್ತಲು ಚಿಂದಿ ಬಟ್ಟೆಯೂ ಮುಗಿಯಿತು’. ಇಗ್ಬೆಕೋಯಿ, ‘ಇದನ್ನು ಕಾಡೂ ಒಲ್ಲೆ ಅಂದಿತು’. ಕೊಸೊಕೊ, ‘ಗುದ್ದಲಿ ಇಲ್ಲ’, ಅಂದರೆ ಗುಂಡಿ ತೋಡಲು ಆಗದು, ಇದ್ದುಬಿಡು. (ಯೊರುಬಾ ಮೂರು ಸ್ಥಾಯಿಯ ಭಾಷೆ. ದನಿ ಏರಿಳಿಸಿದರೆ ಆ ‘ಒಕೊ’ ಗುದ್ದಲಿಯೂ ಆಗುತ್ತದೆ, ಗಂಡನೂ ಆಗುತ್ತದೆ, ಗಾಡಿಯೂ ಆಗುತ್ತದೆ. ಕನ್ನಡ ಲಿಪಿಯಲ್ಲಿ ನಾನು ಬರೆದದ್ದನ್ನು ಲೇಗೋಸಿನಲ್ಲಿ ಹೋಗಿ ಹೇಳಬೇಡಿ.)

ನಮ್ಮಜ್ಜಿಯ ಅಕ್ಕನ ಹೆಸರು ತಿಪ್ಪವ್ವ. ಅವಳಿಗಿಂತ ಮುಂಚಿನ ಮೂವರು ಉಳಿಯಲಿಲ್ಲವಂತೆ. ಇವಳನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡರು, ಯಾರಿಗೂ ಬೇಡದ್ದು ಎಂದು ಸಾವು ನಂಬಲಿ ಅಂತ. ಹೀಗಾಗಿ ಅಬಿಕು ಹೆಸರುಗಳ ವಿಚಾರ ಮೊದಲ ಸಲ ಓದಿದಾಗ ನನಗೆ ವಿವರಣೆ ಬೇಕಾಗಲಿಲ್ಲ.

1991ರ ಬೂಕರ್ ಗೆದ್ದ ‘ದಿ ಫ್ಯಾಮಿಶ್ಡ್ ರೋಡ್’ ಇಂಥ ಒಬ್ಬ ಅಬಿಕುವಿನ ಬಾಯಲ್ಲೇ ಬರುತ್ತದೆ. ಅಜಾರೊ ಮರಳಿ ಹೋಗದೆ ಇಲ್ಲೇ ಇರಲು ತೀರ್ಮಾನಿಸಿದ್ದಾನೆ, ಅದೂ ತಾಯಿಯ ನೊಂದ ಮುಖ ನಗಲಿ ಎಂದು. ಜತೆಗಾರರು ಬಿಡುವುದಿಲ್ಲ, ಕರೆಯುತ್ತಲೇ ಇರುತ್ತಾರೆ. ಅಪ್ಪ ಹೊರೆ ಹೊರುವವನು, ಆಮೇಲೆ ಬಾಕ್ಸರ್. ಅಮ್ಮ ಸಂತೆಯಲ್ಲಿ ಚಿಲ್ಲರೆ ಸಾಮಾನು ಮಾರುವವಳು. ಪಕ್ಕದಲ್ಲಿ ಮದಾಮ್ ಕೋಟೋಳ ಹೆಂಡದಂಗಡಿ, ಅಲ್ಲಿಗೆ ಮನುಷ್ಯರೂ ಬರುತ್ತಾರೆ, ಮನುಷ್ಯರಂತೆ ಕಾಣುವವರೂ ಬರುತ್ತಾರೆ. ಹುಡುಗ ಸಂತೆಯಲ್ಲಿ ಹಿಂದಕ್ಕೆ ನಡೆಯುವವರನ್ನು, ಎರಡೇ ಬೆರಳ ಮೇಲೆ ಓಡಾಡುವ ಕುಳ್ಳನನ್ನು ನೋಡುತ್ತಾನೆ. ಅವರೆಲ್ಲ ಮನುಷ್ಯರ ಒಂದೊಂದು ಅಂಗ ಎರವಲು ತಂದು ಬಂದವರು. ಟುಟುವೊಲಾನ ಬಾಡಿಗೆ ಚೆಲುವ ನೆನಪಾದದ್ದು ಇಲ್ಲೇ. ನನ್ನ ಬಸ್ ಟಿಕೆಟ್ಟು ಮುಂದಕ್ಕೆ ಸರಿದದ್ದೂ ಆಗಲೇ.

ಇದರ ಬೆಲೆ ಏನೆಂದರೆ ಹೊತ್ತು. ಐನೂರು ಪುಟ, ಕತೆ ಮುಂದಕ್ಕೆ ಹೋಗುವುದಕ್ಕಿಂತ ಸುತ್ತುವುದೇ ಹೆಚ್ಚು: ಹುಡುಗ ತಪ್ಪಿಸಿಕೊಳ್ಳುತ್ತಾನೆ, ಸಿಗುತ್ತಾನೆ, ಬಾಡಿಗೆ ಕೇಳಲು ಮನೆಯೊಡೆಯ ಬರುತ್ತಾನೆ, ಪಕ್ಷದವರು ಕೆಟ್ಟುಹೋದ ಹಾಲಿನಪುಡಿ ಹಂಚುತ್ತಾರೆ, ಮತ್ತೆ ಹುಡುಗ ತಪ್ಪಿಸಿಕೊಳ್ಳುತ್ತಾನೆ. ಬಸ್ಸಿನಲ್ಲಿ ಹತ್ತು ಹತ್ತು ಪುಟ ಓದುವವರಿಗೆ ಬೇಡ. ಮಳೆಗಾಲದ ರಜೆಯಲ್ಲಿ ಒಂದೇ ಸಮನೆ ಕೂತರೆ ಮಾತ್ರ ಅದರ ಮಂಪರು ಹಿಡಿಯುತ್ತದೆ. ತ್ರಿವಳಿಯ ಉಳಿದೆರಡನ್ನು ಕೊಳ್ಳುವ ಅವಸರವಿಲ್ಲ, ಮೊದಲನೆಯದು ತಾನಾಗಿಯೇ ನಿಲ್ಲುತ್ತದೆ. ಇನ್ನೊಂದು ಮಾತು: ಓಕ್ರಿ ಯೊರುಬಾದವರಲ್ಲ, ತಂದೆಯ ಕಡೆಯಿಂದ ಉರ್ಹೋಬೊ ಎಂಬ ಬೇರೆ ಜನಾಂಗದವರು. ಅಬಿಕು ನಂಬಿಕೆಯನ್ನು ತೆಗೆದುಕೊಂಡು ತಮ್ಮದೇ ಲೋಕ ಕಟ್ಟಿದ್ದಾರೆ. ಒರಿಶಾಗಳ ಪರಿಚಯಕ್ಕೆಂದು ಇದನ್ನು ತೆಗೆದುಕೊಂಡರೆ ಬರಿಗೈ.

ಇದೇ ದಾರಿಯಲ್ಲಿ ಹಗುರಾದದ್ದು ಬೇಕಿದ್ದರೆ ಹೆಲೆನ್ ಓಯೆಯೆಮಿಯ ‘ದಿ ಇಕಾರಸ್ ಗರ್ಲ್’ (2005). ಆಕೆ ಇದನ್ನು ಬರೆದದ್ದು ಇನ್ನೂ ಶಾಲೆಯಲ್ಲಿದ್ದಾಗ. ಎಂಟು ವರ್ಷದ ಜೆಸ್‌ಗೆ ಅಮ್ಮ ನೈಜೀರಿಯಾದವಳು, ಅಪ್ಪ ಇಂಗ್ಲೆಂಡಿನವನು. ಇಬಾದಾನಿನ ಅಜ್ಜನ ಮನೆಗೆ ಹೋದಾಗ ಅಂಗಳದಾಚೆಯ ಪಾಳು ಕೋಣೆಗಳಿಂದ ಟಿಲಿಟಿಲಿ ಎಂಬ ಗೆಳತಿ ಬರುತ್ತಾಳೆ, ಲಂಡನ್ನಿಗೂ ಬರುತ್ತಾಳೆ. ಜೆಸ್ ಅವಳಿ, ಜತೆಯಲ್ಲಿ ಹುಟ್ಟಿದವಳು ಬದುಕಲಿಲ್ಲ ಎಂಬುದನ್ನು ಮನೆಯವರು ಮುಚ್ಚಿಟ್ಟಿದ್ದಾರೆ. ಯೊರುಬಾ ಪದ್ಧತಿಯಲ್ಲಿ ಅವಳಿಯಲ್ಲೊಂದು ಸತ್ತರೆ ಇಬೆಜಿ ಎಂಬ ಮರದ ಗೊಂಬೆ ಕೆತ್ತಿಸಿ, ಬದುಕಿರುವ ಮಗುವಿನಂತೆಯೇ ಮೀಯಿಸಿ, ಉಣಿಸಿ ನೋಡಿಕೊಳ್ಳಬೇಕು. ಇಲ್ಲಿ ಅದು ಆಗಿಲ್ಲ, ಬಾಕಿ ಉಳಿದಿದೆ. ಆ ಬಾಕಿಯೇ ಕತೆ. ಇಂಗ್ಲಿಷ್ ಸಲೀಸು. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದವರು, ಬೇಸಿಗೆಗೆ ಅಜ್ಜಿ ಮನೆಗೆ ಬಂದು ಅರ್ಧ ಅರ್ಥವಾಗುವ ಮಾತಿನ ನಡುವೆ ಕೂರುವ ಮಕ್ಕಳನ್ನು ಕಂಡವರು ಇದನ್ನು ಮೊದಲು ಓದಿ. ರಾತ್ರಿ ಮಾತ್ರ ಬೇಡ.

ಊರಿನ ದಾರಿ: ಲೇಗೋಸ್, ಲಂಡನ್ನು

ವೋಲೆ ತಲಾಬಿಯ ‘ಶಿಗಿಡಿ ಆ್ಯಂಡ್ ದಿ ಬ್ರಾಸ್ ಹೆಡ್ ಆಫ್ ಒಬಲುಫೋನ್’ (2023) ನಗು ತರಿಸುವಷ್ಟು ಜಾಣ ಪುಸ್ತಕ. ಜಾನಪದದ ಶಿಗಿಡಿ ಅಂದರೆ ಮಣ್ಣಿನ ಮುದ್ದೆಯಲ್ಲಿ ಆವಾಹಿಸಿ ಶತ್ರುವಿನ ಮನೆಗೆ ಕಳಿಸುವ ಕೆಟ್ಟ ಕನಸಿನ ದೈವ, ಮಲಗಿದವನ ಎದೆಯ ಮೇಲೆ ಕೂತು ಉಸಿರು ಕಟ್ಟಿಸುವವನು. ತಲಾಬಿಯ ಲೋಕದಲ್ಲಿ ಒರಿಶಾಗಳದ್ದು ಒಂದು ಕಂಪನಿ. ಭಕ್ತರ ಪ್ರಾರ್ಥನೆಯೇ ಆದಾಯ, ಭಕ್ತರು ಕಡಿಮೆಯಾದಂತೆ ಕೆಳಗಿನ ದರ್ಜೆಯ ದೈವಗಳ ಪಾಲು ಇಳಿಯುತ್ತದೆ. ಶಿಗಿಡಿ ಆ ಕಂಪನಿಯ ಬೇಸತ್ತ ನೌಕರ. ನೆಯೋಮಾ ಎಂಬ ಮೋಹಿನಿಯ ಜತೆ ಸೇರಿ ಕೆಲಸ ಬಿಟ್ಟು, ಕೊನೆಗೆ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಒಂದು ಹಿತ್ತಾಳೆ ತಲೆಯನ್ನು ಎತ್ತಿಕೊಂಡು ಬರುವ ಕೆಲಸ ಒಪ್ಪುತ್ತಾನೆ. ಇದರ ಹಿಂದೆ ನಿಜ ಸಂಗತಿ ಇದೆ: 1938ರಲ್ಲಿ ಇಫೆ ಊರಿನ ವುನ್ಮೊನಿಜೆ ಹಿತ್ತಲಲ್ಲಿ ನೆಲ ಅಗೆಯುವಾಗ ಲೋಹದ ತಲೆಗಳು ಸಿಕ್ಕವು, ಅವುಗಳಲ್ಲೊಂದು ಈಗಲೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸಾಲ ವಸೂಲಿ ಅಂದೆನಲ್ಲ, ಇಲ್ಲಿ ವಸೂಲಿಗೆ ಹೊರಟಿರುವುದು ದೇವರೇ. ಕೊಡು-ಕೊಳುವಿನ ಪ್ರಶ್ನೆಗೆ ಟುಟುವೊಲಾನ ನಂತರ ಪೂರ್ತಿ ಅಂಕ ಕೊಡುವುದು ನಾನು ಇದಕ್ಕೇ. ಕಾಲ ಹಿಂದೆಮುಂದೆ ಜಿಗಿಯುತ್ತದೆ, ಅಧ್ಯಾಯದ ತಲೆಬರಹ ನೋಡಿಕೊಳ್ಳಿ. ದೊಡ್ಡವರ ಪುಸ್ತಕ, ಮಂಚದ ವಿವರಗಳಿವೆ. ಹೈಸ್ಕೂಲಿನ ಮಗಳ ಹುಟ್ಟುಹಬ್ಬಕ್ಕೆ ಮುಖಪುಟ ನೋಡಿ ತರಬೇಡಿ.

ಸುಯಿ ಡೇವಿಸ್ ಒಕುಂಗ್ಬೋವಾನ ‘ಡೇವಿಡ್ ಮೋಗೊ, ಗಾಡ್‌ಹಂಟರ್’ (2019) ಇದಕ್ಕಿಂತ ನೇರ. ಒರಿಶಾಗಳು ಆಕಾಶದಿಂದ ಲೇಗೋಸಿನ ಮೇಲೆ ಬಿದ್ದಿದ್ದಾರೆ, ಊರು ಹಾಳಾಗಿದೆ, ಅರ್ಧ ದೇವರಾದ ಡೇವಿಡ್ ದುಡ್ಡಿಗಾಗಿ ಚಿಲ್ಲರೆ ದೇವರುಗಳನ್ನು ಹಿಡಿದುಕೊಡುತ್ತಾನೆ. ಸಾಕುತಂದೆ ಪಾಪಾ ಉಡಿಯ ಪಿಜಿನ್, ಅಂದರೆ ಅಲ್ಲಿನ ಬೆರಕೆ ಇಂಗ್ಲಿಷ್ ಮಾತು, ಮೊದಲ ಇಪ್ಪತ್ತು ಪುಟ ತೊಡಕು, ಆಮೇಲೆ ಅದೇ ರುಚಿ. ಸಿನಿಮಾ ನೋಡಿದ ಹಾಗೆ ಓಡುತ್ತದೆ. ಓದಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿಯುವುದು ದೇವರುಗಳಿಗಿಂತ ಲೇಗೋಸ್.

ಕಾದಂಬರಿಗೇ ಹೊತ್ತಿಲ್ಲ ಅನ್ನುವವರಿಗೆ ಪೆಮಿ ಅಗುಡಾಳ ‘ಗೋಸ್ಟ್‌ರೂಟ್ಸ್’ (2024) ಕಥಾಸಂಕಲನವಿದೆ. ಒರಿಶಾಗಳ ಮೆರವಣಿಗೆ ಇಲ್ಲ. ಒಂದು ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ಜ್ವರ ಬಂದು ಪ್ರತಿ ಮನೆಯ ಕಿರಿ ಮಗನನ್ನು ಒಯ್ಯುತ್ತಾ ಹೋಗುತ್ತದೆ, ಮನೆ ನಂಬರ್ ಎಣಿಸುತ್ತಾ ಒಬ್ಬ ಹುಡುಗ ಕಾಯುತ್ತಿದ್ದಾನೆ. ಒಂದೊಂದು ಕತೆ ಒಂದು ಮೆಟ್ರೋ ಪ್ರಯಾಣಕ್ಕೆ ಸರಿ.

ರಾಜ್ಯದ ದಾರಿ, ಅಂದರೆ ಹದಿಹರೆಯದವರದು

ಬಿಳಿ ಕೂದಲಿನ ಹುಡುಗಿಯ ಮುಖಪುಟ ಟೋಮಿ ಅಡೆಯೆಮಿಯ ‘ಚಿಲ್ಡ್ರನ್ ಆಫ್ ಬ್ಲಡ್ 
ಆ್ಯಂಡ್ ಬೋನ್’ (2018). ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಒರಿಶಾ ಎಂಬ ರಾಜ್ಯ, ಅಲ್ಲಿ ಮಂತ್ರಶಕ್ತಿಯ ಹತ್ತು ಕುಲ, ಅವರನ್ನು ಕೊಲ್ಲಿಸಿದ ಅರಸ, ಶಕ್ತಿಯನ್ನು ಮರಳಿ ತರಲು ಹೊರಟ ಜೆಲಿ. ಮಂತ್ರಗಳು ಯೊರುಬಾದಲ್ಲೇ ಇವೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಲೇಖಕಿ ಈ ಕತೆಯ ಹಿಂದೆ ಅಲ್ಲಿನ ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯ ನೋವಿದೆ ಎಂದು ಪುಸ್ತಕದ ಕೊನೆಯಲ್ಲೇ ಬರೆದಿದ್ದಾಳೆ. ಆ ಕೋಪ ನಿಜವಾದದ್ದು, ಪುಟ ಓಡಿಸುವುದೂ ಅದೇ.

ನನ್ನ ತಕ್ಕಡಿಯಲ್ಲಿ ಮಾತ್ರ ಇದು ಹಗುರ. ಇಲ್ಲಿ ದೇವತೆಗಳು ಶಕ್ತಿಯ ಕಂತೆಗಳಾಗಿ ಕುಲಕ್ಕೊಂದರಂತೆ ಹಂಚಿಹೋಗಿದ್ದಾರೆ. ಬೆಂಕಿಯವರು, ನೀರಿನವರು, ಸಾವಿನವರು. ಸಂತೆಯಲ್ಲಿ ನಿಮ್ಮ ಪಕ್ಕ ಬಂದು ನಿಲ್ಲುವವರಲ್ಲ. ಇದನ್ನು ಅಂದದ್ದಕ್ಕೆ ಹತ್ತನೇ ಕ್ಲಾಸಿನ ನನ್ನ ಅಕ್ಕನ ಮಗಳು, "ನಿಮ್ಮ ಬುರುಡೆ ಕತೆಯಲ್ಲಿ ಆ ಹುಡುಗಿಗೆ ಹೆಸರೇ ಇಲ್ಲವಲ್ಲ ಮಾಮ" ಅಂದಳು. ಉತ್ತರ ಇರಲಿಲ್ಲ. ಹುಡುಗಿಯರು ಮುಂದೆ ನಿಂತು ನಡೆಸುವ ಕತೆ ಬೇಕಾದರೆ ಹಳಬರ ಬಳಿ ಸಿಗುವುದಿಲ್ಲ, ಅದು ಅವಳು ಹೇಳಿದ ಮೇಲೆ ಒಪ್ಪಿಕೊಂಡದ್ದು. ಖರ್ಚು ಮೊದಲೇ ಲೆಕ್ಕ ಹಾಕಿ: ಒಂದಕ್ಕೆ ನಿಲ್ಲುವುದಿಲ್ಲ, 2019 ಮತ್ತು 2024ರಲ್ಲಿ ಬಂದ ಮುಂದಿನೆರಡನ್ನೂ ಮಕ್ಕಳು ಕೇಳುತ್ತಾರೆ.

ಒಂದೇ ಕೊಡಿಸುವುದಾದರೆ, ಅದೇ ವಯಸ್ಸಿನವರಿಗೆ ನತಾಶಾ ಬೋವೆನ್‌ಳ ‘ಸ್ಕಿನ್ ಆಫ್ ದಿ ಸೀ’ (2021) ನನಗೆ ಹೆಚ್ಚು ಹಿಡಿಸಿತು, ಗಾತ್ರವೂ ಕಡಿಮೆ. ಗುಲಾಮರ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸತ್ತವರ ಜೀವಗಳನ್ನು ಕೂಡಿಸಿ ಯೆಮೊಜಾ ದೇವಿಗೆ ಒಪ್ಪಿಸುವುದು ಸಿಮಿಯ ಕೆಲಸ. ಒಮ್ಮೆ ಬಿದ್ದ ಹುಡುಗ ಇನ್ನೂ ಬದುಕಿದ್ದಾನೆ, ಉಳಿಸುತ್ತಾಳೆ. ಕಟ್ಟಳೆ ಮುರಿಯಿತು, ಈಗ ತೆರಬೇಕು. ಇದೇ ಹಡಗುಗಳೇ ಒರಿಶಾಗಳನ್ನು ಕ್ಯೂಬಾ, ಬ್ರೆಜಿಲ್‌ಗಳಿಗೆ ಒಯ್ದದ್ದು, ಹೀಗಾಗಿ ದೇವತೆ ಇಲ್ಲಿ ಅಲಂಕಾರವಾಗಿ ಉಳಿಯುವುದಿಲ್ಲ.

ಹೆಸರು ನೋಡಿ ಮೋಸಹೋಗದಿರಿ

ನೆಡಿ ಒಕೊರಾಫೋರ್‌ಳ ‘ಅಕಾಟಾ ವಿಚ್’ (2011), ಅಕ್ವಾಯಿಕೆ ಎಮೆಜಿಯ ‘ಫ್ರೆಶ್‌ವಾಟರ್’ (2018) ಎರಡೂ ಗಟ್ಟಿ ಪುಸ್ತಕಗಳೇ, ಆದರೆ ಅವು ನೈಜೀರಿಯಾದ ಇನ್ನೊಂದು ಜನಾಂಗವಾದ ಇಗ್ಬೋ ಕಡೆಯವು. ಎಮೆಜಿಯಲ್ಲಿ ಬರುವ ಒಗ್ಬಾಂಜೆ ಅಬಿಕುವಿನ ದಾಯಾದಿ. ಪಕ್ಕಪಕ್ಕ ಓದಿದರೆ ಚೆಂದ, ಒಂದರ ಬದಲು ಇನ್ನೊಂದು ಆಗದು. ಇನ್ನು, ನಾಟಕ ಓದುವ ಅಭ್ಯಾಸವಿದ್ದವರು ಸೋಯಿಂಕಾರ ‘ಡೆತ್ ಆ್ಯಂಡ್ ದಿ ಕಿಂಗ್ಸ್ ಹಾರ್ಸ್‌ಮನ್’ (1975) ಬಿಡಬಾರದು. ಫ್ಯಾಂಟಸಿ ಅಲ್ಲ, 1940ರ ದಶಕದಲ್ಲಿ ಯೊರುಬಾ ಊರಾದ ಓಯೊದಲ್ಲಿ ನಡೆದ ಘಟನೆಯಿಂದ ಹುಟ್ಟಿದ್ದು. ಅರಸ ಸತ್ತ ಮೂವತ್ತನೇ ದಿನ ಅವನ ಜತೆಗಾರ ಒರುನ್‌ಗೆ ಹೊರಡಬೇಕು. ಪರದೆ ಮೇಲೇಳುವಾಗ ಆತ ನಡೆದು ಬರುವುದು ಅಂಗಡಿ ಎತ್ತುತ್ತಿರುವ ಸಂತೆಯ ನಡುವೆ. ಎರಡು ಸಂಜೆಯಲ್ಲಿ ಮುಗಿಯುತ್ತದೆ.

ಹಾಗಾದರೆ

ಒಂದೇ ಪುಸ್ತಕ, ಕಡಿಮೆ ದುಡ್ಡು: ಟುಟುವೊಲಾನ ಜೋಡಿ ಸಂಪುಟ, ಎರಡನೇ ಮಾತಿಲ್ಲ. ರಜೆ ಇದೆ, ಭಾಷೆಯ ಅಮಲು ಬೇಕು: ಟುಟುವೊಲಾ ಮುಗಿಸಿ ಓಕ್ರಿ, ತಿರುಗಾಮುರುಗಾ ಬೇಡ. ಓಕ್ರಿಯ ಹಳೇ ಪ್ರತಿಗಳು ಹಳೆ ಪುಸ್ತಕದಂಗಡಿಗಳಲ್ಲಿ ನನಗೆ ಹಲವು ಸಲ ಕಂಡಿವೆ, ಹೊಸದಕ್ಕೆ ದುಡ್ಡು ಕೊಡುವ ಮೊದಲು ಅಲ್ಲಿ ಕೇಳಿ. ಬೇರು ಎಲ್ಲಿದೆ ನೋಡಲೇಬೇಕು ಅನ್ನುವವರು, ಯಕ್ಷಗಾನ-ಬಯಲಾಟದ ರುಚಿಯವರು ಫಗುನ್ವಾ. ನೀತಿಯ ಏಳು ದಿನ ಹಾರಿಸಿದರೆ ಯಾರೂ ಕೇಳುವುದಿಲ್ಲ. ಇವತ್ತಿನ ಊರು, ಇವತ್ತಿನ ವ್ಯಂಗ್ಯ ಬೇಕಾದವರಿಗೆ ತಲಾಬಿ. ಮನೆಯಲ್ಲಿ ಹದಿನಾಲ್ಕು-ಹದಿನೈದರ ಮಕ್ಕಳಿದ್ದರೆ ಬೋವೆನ್, ಅವರೇ ಕೇಳಿದರೆ ಅಡೆಯೆಮಿ.

ಇಷ್ಟಾದರೂ ಗೊಂದಲ ಉಳಿದರೆ, ಇ-ಪುಸ್ತಕದ ಉಚಿತ ಮಾದರಿ ಪುಟಗಳಲ್ಲೋ ಗ್ರಂಥಾಲಯದಲ್ಲೋ ಟುಟುವೊಲಾನ ಸಂತೆಯ ಭಾಗ ಹುಡುಕಿ, ನಿಂತುಕೊಂಡೇ ಓದಿ. ಆ ಚೆಲುವ ಎಡಗಾಲು ಕಳಚಿ ಕೊಟ್ಟಾಗ ನಿಮಗೆ ನಗು ಬರಬಹುದು. ಬಲಗಾಲಿನ ಬಾಡಿಗೆ ತೀರಿಸುವ ಹೊತ್ತಿಗೆ ನಗು ನಿಂತು, ಬೆರಳು ತಾನಾಗಿ ಮುಂದಿನ ಪುಟಕ್ಕೆ ಹೋದರೆ ಪುಸ್ತಕ ಕೊಳ್ಳಿ. ಹೋಗದಿದ್ದರೆ ಅಡೆಯೆಮಿ ಇದ್ದಾಳೆ.